ಖಡಕಿಯಿಂದ ಕಡಲಿಗೆ: ಹಾಯಿಹಡಗಿನ ದೀಪ ಮತ್ತು ದುರಸ್ತಿಯ ಚರಿತ್ರೆ

ಖಡಕಿ ಎಂದೊಡನೆ ಇತಿಹಾಸದ ಓದುಗರಿಗೆ ನೆನಪಾಗುವುದು 1817ರ ನವೆಂಬರ್ 5. ಪೇಶ್ವೆ ಎರಡನೆಯ ಬಾಜೀರಾಯನ ಸೇನೆ ಬಾಪು ಗೋಖಲೆಯ ನೇತೃತ್ವದಲ್ಲಿ ಕಂಪನಿಯ ಪಡೆಯನ್ನು ಎದುರಿಸಿ ಹಿಮ್ಮೆಟ್ಟಿದ ದಿನ ಅದು. ಮುಂದೆ ಇಲ್ಲಿ ದಂಡು ಪ್ರದೇಶ ಬೆಳೆಯಿತು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಸ್ಥಾಪನೆಯಾಯಿತು. ‘ಬಾಂಬೆ ಸ್ಯಾಪರ್ಸ್’ ಎಂದು ಹೆಸರಾದ ಸೇನಾ ಇಂಜಿನಿಯರರ ದಳ ಇಲ್ಲಿ ನೆಲೆಯೂರಿತು. ಚರಿತ್ರೆಯ ಪುಸ್ತಕಗಳು ಇಷ್ಟನ್ನು ಹೇಳಿ ಮುಂದೆ ಸಾಗುತ್ತವೆ. ಪುಣೆಯಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಖಡಕಿ ಇನ್ನೊಂದು ಬಗೆಯಲ್ಲಿಯೂ ಪರಿಚಿತ. ಅದು ವರ್ಕ್‌ಶಾಪುಗಳ ಊರು. ಕೆಟ್ಟದ್ದನ್ನು ಬಿಚ್ಚಿ, ತಿದ್ದಿ, ಮತ್ತೆ ಜೋಡಿಸಿ ಕಳುಹಿಸುವವರ ಊರು. ಕಾಳಗಕ್ಕೆ ಚರಿತ್ರೆಯಿದೆ, ಕಾರ್ಖಾನೆಗೂ ಇದೆ. ದುರಸ್ತಿಗೆ ಚರಿತ್ರೆ ಉಂಟೇ ಎಂಬ ಪ್ರಶ್ನೆ ನಮ್ಮ ಮುಂದೆ ಬಂದದ್ದು ಒಂದು ಹಾಯಿದೋಣಿಯ ನೆಪದಿಂದ.

ನಮ್ಮ ಬಳಗದವರೊಬ್ಬರ ಮಗಳು ಪರದೇಶದಲ್ಲಿ ಹಳೆಯ ಹಾಯಿದೋಣಿಯೊಂದನ್ನು ಕೊಂಡು, ಅದರ ವೈರಿಂಗನ್ನೆಲ್ಲ ತಾನೇ ಬದಲಾಯಿಸಲು ಹೊರಟಿದ್ದಾಳೆ ಎಂಬ ಸುದ್ದಿ ತಿಂಗಳ ಕೂಟಕ್ಕೆ ಬಂತು. ಆಕೆ ಕಳುಹಿಸಿದ ಚಿತ್ರಗಳಲ್ಲಿ ಸ್ವಿಚ್ ಫಲಕದ ಹಿಂದೆ ಹತ್ತಾರು ಬಣ್ಣದ ತಂತಿಗಳು ಹಕ್ಕಿಯ ಗೂಡಿನಂತೆ ಹೆಣೆದುಕೊಂಡಿದ್ದವು. ನಾಲ್ಕು ಮಂದಿ ಮಾಲೀಕರು ನಾಲ್ಕು ಕಾಲದಲ್ಲಿ ಸೇರಿಸಿದವು. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಒಂದು ಚೀಟಿಯೂ ಇರಲಿಲ್ಲ. ಓದಿದ ಹುಡುಗಿಗೆ ಈ ಕೆಲಸವೇಕೆ ಎಂದು ನಮ್ಮಲ್ಲಿ ಕೆಲವರು ನಕ್ಕೆವು. ಖಡಕಿಯ ವರ್ಕ್‌ಶಾಪೊಂದರಲ್ಲಿ ಬಹುಕಾಲ ವೈರ್‌ಮನ್ ಆಗಿದ್ದ ಹಿರಿಯರೊಬ್ಬರು ಮಾತ್ರ ನಗಲಿಲ್ಲ. ಮೊದಲು ನಕ್ಷೆ ಬರೆಯಲು ಹೇಳಿ, ಇಕ್ಕಳ ಆಮೇಲೆ ಎಂದರು. ಅಲ್ಲಿಂದ ನಾವು ಈ ವಿಷಯದ ಹಿಂದೆ ಬಿದ್ದೆವು.

ಖಡಕಿಗೂ ಕಡಲಿಗೂ ಮೇಲುನೋಟಕ್ಕೆ ಯಾವ ನಂಟೂ ಕಾಣದು. ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಖಡಕಿಯ ಮಗ್ಗುಲಲ್ಲಿ ಹರಿಯುವ ಮುಳಾ ನದಿಯಾದರೂ ಹತ್ತಿರದ ಕಡಲಿಗೆ ಬೆನ್ನು ಹಾಕಿ ಪೂರ್ವಕ್ಕೆ ತಿರುಗುತ್ತದೆ. ಮುಠೆಯನ್ನು ಕೂಡಿಕೊಂಡು ಭೀಮೆಗೆ ಸೇರಿ, ವಿಜಯಪುರ, ಕಲಬುರಗಿಗಳ ನೆಲವನ್ನು ತೋಯಿಸಿ, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಬೆರೆಯುತ್ತದೆ. ಆದರೂ ಸ್ಯಾಪರರಿಗೆ ನೀರೂ ವಿದ್ಯುತ್ತೂ ಹೊಸವಲ್ಲ. ‘ಸ್ಯಾಪ್’ ಎಂದರೆ ಶತ್ರುವಿನ ಕೋಟೆಯತ್ತ ತೋಡುತ್ತ ಸಾಗುವ ಕಂದಕ. ಆ ಕಂದಕದ ಕೊನೆಯಲ್ಲಿ ಮದ್ದಿಗೆ ದೂರದಿಂದ ಕಿಡಿ ತಾಗಿಸುವ ಕೆಲಸವೇ ಸೇನಾ ಇಂಜಿನಿಯರರನ್ನು ಬ್ಯಾಟರಿಯತ್ತ ಕರೆದೊಯ್ದಿತು. 1782ರಲ್ಲಿ ಇಂಗ್ಲೆಂಡಿನ ಸ್ಪಿಟ್‌ಹೆಡ್ ಬಳಿ ಮುಳುಗಿದ ‘ರಾಯಲ್ ಜಾರ್ಜ್’ ಎಂಬ ಯುದ್ಧನೌಕೆಯ ಅವಶೇಷವನ್ನು ತೆರವುಗೊಳಿಸಲು 1839ರಲ್ಲಿ ಚಾರ್ಲ್ಸ್ ಪ್ಯಾಸ್ಲಿ ಎಂಬ ಇಂಜಿನಿಯರ್ ಅಧಿಕಾರಿ ನೀರಿನಡಿಯ ಮದ್ದನ್ನು ಬ್ಯಾಟರಿಯ ವಿದ್ಯುತ್ತಿನಿಂದ ಸಿಡಿಸಿದನು. ಉಪ್ಪುನೀರು ತಂತಿಯೊಳಕ್ಕೆ ನುಗ್ಗದಂತೆ ಕಾಯುವ ಸಮಸ್ಯೆಯನ್ನು ಅವನ ಸ್ಯಾಪರರು ಆಗಲೇ ಎದುರಿಸಬೇಕಾಯಿತು. ಅದೇ ಪ್ಯಾಸ್ಲಿ ಚಾಥಮ್‌ನಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರ್ ತರುಣರೂ ಕಲಿತು ಭಾರತಕ್ಕೆ ಬರುತ್ತಿದ್ದರು.

ಹಡಗಿಗೆ ವಿದ್ಯುದ್ದೀಪ ಬಂದದ್ದು ಇನ್ನೂ ತಡವಾಗಿ. ಮತ್ತೆ ಮತ್ತೆ ತುಂಬಿಸಬಲ್ಲ ಸೀಸದ ಬ್ಯಾಟರಿಯನ್ನು ಪ್ಲಾಂಟೆ ರೂಪಿಸಿದ್ದು 1859ರಲ್ಲಿ. ಎಡಿಸನ್‌ನ ದೀಪಗಳು ‘ಕೊಲಂಬಿಯಾ’ ಎಂಬ ಉಗಿಹಡಗಿನಲ್ಲಿ ಬೆಳಗಿದ್ದು 1880ರಲ್ಲಿ. ಉಗಿಹಡಗಿಗೆ ಯಂತ್ರವಿತ್ತು, ಯಂತ್ರದಿಂದ ವಿದ್ಯುತ್ತು ಸಿಕ್ಕಿತು. ಗಾಳಿಯನ್ನೇ ನಂಬಿದ ಹಾಯಿದೋಣಿಗೆ ಸೀಮೆಎಣ್ಣೆಯ ಲಾಟೀನೇ ಗತಿಯಾಗಿತ್ತು. ಜಗತ್ತನ್ನು ಒಂಟಿಯಾಗಿ ಸುತ್ತಿದವರಲ್ಲಿ ಮೊದಲಿಗನಾದ ಜೋಶುವಾ ಸ್ಲೋಕಂ 1895ರಿಂದ 1898ರವರೆಗೆ ಸಾಗಿದ ‘ಸ್ಪ್ರೇ’ ದೋಣಿ, ಹೊಲವೊಂದರಲ್ಲಿ ಕೊಳೆಯುತ್ತ ಬಿದ್ದಿದ್ದ ಹಳೆಯ ದೋಣಿ. ಹದಿಮೂರು ತಿಂಗಳು ದುಡಿದು ಅವನು ಅದನ್ನು ಮರುಕಟ್ಟಿದನು. ಅದರಲ್ಲಿ ವಿದ್ಯುತ್ತಿನ ಸುಳಿವೂ ಇರಲಿಲ್ಲ. ಒಂದು ಡಾಲರಿಗೆ ಕೊಂಡ ತಗಡಿನ ಗಡಿಯಾರ ಅವನ ಕಾಲಮಾಪಕವಾಗಿತ್ತು.

ಎಪ್ಪತ್ತು ವರ್ಷಗಳ ಬಳಿಕ ಚಿತ್ರ ಬದಲಾಗಿತ್ತು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ 32 ಅಡಿಯ ‘ಸುಹೈಲಿ’ಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು, ಎಲ್ಲಿಯೂ ನಿಲ್ಲದೆ ಭೂಪ್ರದಕ್ಷಿಣೆ ಮುಗಿಸಿ 1969ರ ಏಪ್ರಿಲ್ 22ರಂದು ಮರಳಿದರು. ಸ್ಪರ್ಧೆಗೆ ಇಳಿದ ಒಂಬತ್ತು ಮಂದಿಯಲ್ಲಿ ಗುರಿ ಮುಟ್ಟಿದವರು ಅವರೊಬ್ಬರೇ. ದಾರಿಯಲ್ಲಿ ಅವರ ರೇಡಿಯೊ ಕೆಟ್ಟು, ತಿಂಗಳುಗಟ್ಟಲೆ ಅವರ ಸುದ್ದಿಯೇ ಲೋಕಕ್ಕೆ ತಿಳಿಯಲಿಲ್ಲ. ಬ್ಯಾಟರಿ ತುಂಬಿಸುವ ಯಂತ್ರ ಹಟ ಹಿಡಿದಾಗ ಅದರ ಕಿಡಿಯ ಸಂದನ್ನು ಸರಿಹೊಂದಿಸಬೇಕಾಯಿತು, ಅಳೆಯುವ ಉಪಕರಣವಿರಲಿಲ್ಲ. ಅವರು ಪುಸ್ತಕವೊಂದರ ಹಾಳೆಗಳನ್ನು ಎಣಿಸಿದರು. ಒಂದು ಅಂಗುಲಕ್ಕೆ ಇನ್ನೂರು ಹಾಳೆ. ಎಂದರೆ ಒಂದು ಹಾಳೆಯ ದಪ್ಪ ಅಂಗುಲದ ಸಾವಿರದ ಐದು ಭಾಗ. ಮೂರು ಹಾಳೆ ಸೇರಿದರೆ ಬೇಕಾದ ಅಳತೆ. ಪುಸ್ತಕಕ್ಕೆ ಇಂತಹದೊಂದು ಉಪಯೋಗವಿರಬಹುದೆಂದು ಸಾಹಿತ್ಯ ಬಳಗದವರಾದ ನಾವು ಎಣಿಸಿರಲಿಲ್ಲ.

ಭಾರತೀಯರ ಸರದಿ ಬಂದಾಗ ಹಾಯಿ ಬಿಚ್ಚಿದವರು ನೌಕಾಸೇನೆಯವರಲ್ಲ, ಭೂಸೇನೆಯ ಇಂಜಿನಿಯರ್ ದಳದವರು. ‘ತೃಷ್ಣಾ’ ಎಂಬ 37 ಅಡಿಯ ಹಡಗಿನಲ್ಲಿ 1985ರ ಸೆಪ್ಟೆಂಬರ್ 28ರಂದು ಹೊರಟ ಆ ಅಧಿಕಾರಿಗಳು ಭೂಮಿಯನ್ನು ಸುತ್ತಿ 1987ರ ಜನವರಿ 10ರಂದು ಮುಂಬಯಿಗೆ ಮರಳಿದರು. ಭಾರತೀಯರ ತಂಡವೊಂದು ಹಾಯಿಹಡಗಿನಲ್ಲಿ ಭೂಪ್ರದಕ್ಷಿಣೆ ಮಾಡಿದ್ದು ಅದೇ ಮೊದಲು. ಆ ದಳಕ್ಕೆ ಮೂರು ತವರುಗಳಿವೆ: ರೂರ್ಕಿ, ಖಡಕಿ, ಮತ್ತು ಹಲಸೂರು ಕೆರೆಯ ದಂಡೆಯಲ್ಲಿರುವ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಕೇಂದ್ರ. ಅವರ ವಿದ್ಯಾಲಯವು 1948ರಲ್ಲಿ ರೂರ್ಕಿಯಿಂದ ಖಡಕಿಯ ನೆರೆಯ ದಾಪೋಡಿಗೆ ಬಂದಿತು. ಸೇತುವೆ ಕಟ್ಟುವವರು, ತಂತಿ ಎಳೆಯುವವರು, ಕೆಟ್ಟದ್ದನ್ನು ಇದ್ದ ಸಾಮಾನಿನಲ್ಲೇ ಸರಿಪಡಿಸುವವರು ಈ ಸಾಹಸಕ್ಕೆ ಮೊದಲಿಗರಾದದ್ದು ನಮಗೆ ಆಕಸ್ಮಿಕವೆಂದು ತೋರುವುದಿಲ್ಲ. ನಡುಗಡಲಿನಲ್ಲಿ ದೀಪ ಆರಿದರೆ ಮೆಕ್ಯಾನಿಕನನ್ನು ಕರೆಸುವಂತಿಲ್ಲ.

ಹಾಗಾದರೆ ಹಳೆಯ ದೋಣಿಯ ವಿದ್ಯುತ್ತಿನಲ್ಲಿ ಕೆಡುವುದಾದರೂ ಏನು? ಮೊದಲನೆಯದು ತಾಮ್ರ. ಕಡಲ ಗಾಳಿಯ ಉಪ್ಪು ತಂತಿಯ ಹೊದಿಕೆಯೊಳಗೆ ಇಂಗಿ, ಕೆಂಪಗಿದ್ದ ಎಳೆಗಳಿಗೆ ಹಸಿರು ಕಿಲುಬು ಹಿಡಿಸುತ್ತದೆ. ಮೇಲೆ ನೋಡಿದರೆ ತಂತಿ ಗಟ್ಟಿ, ಒಳಗೆ ಪುಡಿ. ಅದಕ್ಕಾಗಿಯೇ ದೋಣಿಗೆ ತವರ ಲೇಪಿಸಿದ ತಾಮ್ರದ ಎಳೆಗಳ ತಂತಿಯನ್ನು ಬಳಸುತ್ತಾರೆ. ತುದಿಗೆ ಬರಿಯ ಬೆಸುಗೆ ಸಾಲದು. ಅಲೆಯ ಅದುರಿಗೆ ಬೆಸುಗೆಯ ಅಂಚಿನಲ್ಲೇ ಎಳೆ ಮುರಿಯುತ್ತದೆ. ಟರ್ಮಿನಲ್ಲನ್ನು ಸರಿಯಾದ ಇಕ್ಕಳದಿಂದ ಒತ್ತಿ ಕೂಡಿಸಬೇಕು.

ಎರಡನೆಯದು ದೂರ. ಮನೆಯ 230 ವೋಲ್ಟಿನಲ್ಲಿ ಒಂದು ವೋಲ್ಟ್ ಸೋರಿದರೆ ಯಾರಿಗೂ ತಿಳಿಯದು. ದೋಣಿಯ 12 ವೋಲ್ಟಿನಲ್ಲಿ ಅದು ದೊಡ್ಡ ನಷ್ಟ. ಹಾಯಿ ಕಟ್ಟುವ ಕೂವೆಕಂಬದ ತುದಿಯಲ್ಲಿ 25 ವಾಟಿನ ಹಳೆಯ ಬಲ್ಬು ಇದೆ ಎನ್ನೋಣ. ಹೋಗಿ ಬರಲು 30 ಮೀಟರ್ ತಂತಿ, ಅದರ ದಪ್ಪ 1.5 ಚದರ ಮಿಲಿಮೀಟರ್. ಎರಡು ಆಂಪಿಯರಿಗೆ ತುಸು ಮೀರಿದ ವಿದ್ಯುತ್ತು ಹರಿದಾಗ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕಳೆದು, ಬೆಳಕಿನಲ್ಲಿ ಸುಮಾರು ಐದನೆಯ ಒಂದು ಪಾಲು ಕುಗ್ಗುತ್ತದೆ. ಹನ್ನೆರಡು ಗಂಟೆಯ ರಾತ್ರಿಗೆ ಆ ಒಂದು ದೀಪವೇ 25 ಆಂಪಿಯರ್-ಗಂಟೆ ನುಂಗುತ್ತದೆ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಕೆಡದಂತೆ ಬಳಸಬಹುದಾದದ್ದು ಅರ್ಧದಷ್ಟೇ. ಅದರಲ್ಲಿ ಅರ್ಧ ದೀಪಕ್ಕೇ ಹೋಯಿತು. 2.5 ವಾಟಿನ ಎಲ್‌ಇಡಿ ಹಾಕಿದರೆ ಖರ್ಚು ಹತ್ತನೆಯ ಒಂದಕ್ಕೆ ಇಳಿಯುತ್ತದೆ, ತಂತಿಯಲ್ಲಿ ಆಗುವ ನಷ್ಟವೂ ಅಷ್ಟೇ ಇಳಿಯುತ್ತದೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು ತೋರಿಸುವ ಆ ದೀಪ ಮಂಕಾದರೆ ರಾತ್ರಿ ಎದುರಾಗುವ ದೊಡ್ಡ ಹಡಗಿಗೆ ಪುಟ್ಟ ದೋಣಿ ಕಾಣುವುದೇ ಇಲ್ಲ.

ಮೂರನೆಯದು ಬೆಂಕಿ. ಬ್ಯಾಟರಿಯ ಎರಡು ತುದಿಗಳು ನೇರ ತಾಗಿದರೆ ಸಾವಿರ ಆಂಪಿಯರಿಗೂ ಮಿಗಿಲಾದ ಪ್ರವಾಹ ಹರಿದು ತಂತಿಯೇ ಒಲೆಯಾಗುತ್ತದೆ. ಮುಖ್ಯ ಫ್ಯೂಸು ಬ್ಯಾಟರಿಯಿಂದ ಒಂದು ಗೇಣಿಗಿಂತ ದೂರವಿರಬಾರದು ಎಂಬ ನಿಯಮ ಇದಕ್ಕಾಗಿ. ಫ್ಯೂಸು ದೀಪವನ್ನಲ್ಲ, ತಂತಿಯನ್ನು ಕಾಯುತ್ತದೆ. ಹಾಗಾಗಿ ಅದರ ಅಳತೆಯನ್ನು ತಂತಿಯ ದಪ್ಪ ನೋಡಿ ಆರಿಸಬೇಕು. ಹೊಸ ಲಿಥಿಯಂ ಬ್ಯಾಟರಿಗಳನ್ನು ಹಾಕುವವರಿಗೂ ಎಚ್ಚರಿಕೆ ಬೇಕು. ಅವು ಹಗುರ, ಹೆಚ್ಚು ಕಾಲ ಬಾಳುವಂಥವು. ಆದರೆ ಖಾಲಿಯಾದಾಗ ಕೊಟ್ಟಷ್ಟನ್ನೂ ಹೀರುತ್ತವೆ; ಸೀಸದ ಬ್ಯಾಟರಿಗೆಂದು ಮಾಡಿದ ಹಳೆಯ ಆಲ್ಟರ್ನೇಟರ್ ಆ ಹಸಿವಿಗೆ ದುಡಿದು ದುಡಿದು ಸುಟ್ಟುಹೋಗಬಹುದು.

ಒಂದನ್ನು ಸರಿಪಡಿಸಲು ಹೋಗಿ ಇನ್ನೊಂದನ್ನು ಕೆಡಿಸುವ ಈ ಸಂಕಟ ಹೊಸತೇನಲ್ಲ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕೆಗಳ ತಾಮ್ರದ ಹೊದಿಕೆ ಸವೆಯದಂತೆ ಸತು, ಕಬ್ಬಿಣದ ತುಂಡುಗಳನ್ನು ಅದಕ್ಕೆ ಜೋಡಿಸಿದನು. ತಾಮ್ರ ಉಳಿಯಿತು, ಆದರೆ ಸವೆಯದ ತಾಮ್ರದ ಮೇಲೆ ಚಿಪ್ಪುಜೀವಿಗಳು ಮುತ್ತಿ ನೌಕೆಯ ವೇಗ ಕುಗ್ಗಿತು. ಇಂದಿಗೂ ದೋಣಿಯ ತಳದ ಲೋಹಗಳನ್ನು ಕಾಯಲು ತಾನು ಸವೆಯುವ ಸತುವಿನ ತುಂಡನ್ನು ಕಟ್ಟುತ್ತಾರೆ. ಅದನ್ನು ಆಗಾಗ ನೋಡಿ ಬದಲಿಸುವವರಿಲ್ಲದಿದ್ದರೆ ಡೇವಿಯ ಜಾಣ್ಮೆಯೂ ವ್ಯರ್ಥ.

ಇಲ್ಲಿಗೆ ನಾವು ಹಿರಿಯರ ಮಾತಿಗೆ ಮರಳುತ್ತೇವೆ. ಹಳೆಯ ದೋಣಿಯ ದೊಡ್ಡ ರೋಗ ಕಿಲುಬೂ ಅಲ್ಲ, ಫ್ಯೂಸೂ ಅಲ್ಲ. ಹಿಂದೆ ಕೈಯಿಟ್ಟವರು ಏನು ಮಾಡಿದರೆಂಬುದು ತಿಳಿಯದಿರುವುದು. ಹಿರಿಯರ ಮನೆಯ ಸ್ವಿಚ್ ಬೋರ್ಡನ್ನು ಒಮ್ಮೆ ದುರಸ್ತಿಗಾಗಿ ಬಿಚ್ಚಿದಾಗ ನಾವು ಅಲ್ಲಿದ್ದೆವು. ಮುಚ್ಚಳದ ಒಳಬದಿಗೆ ಹಳದಿಗಟ್ಟಿದ ಕಾಗದ ಅಂಟಿತ್ತು: ಯಾವ ತಂತಿ ಯಾವ ಕೋಣೆಗೆ, ಯಾವ ದಪ್ಪ, ಯಾವ ತಾರೀಖಿನಲ್ಲಿ ಬದಲಾಯಿಸಿದ್ದು. ಕೆಲಸಕ್ಕೆ ಬಂದ ಹುಡುಗ ಅದನ್ನೋದಿ ಅರ್ಧ ಗಂಟೆಯಲ್ಲಿ ದೋಷ ಹುಡುಕಿದ. ವರ್ಕ್‌ಶಾಪಿನ ಅಭ್ಯಾಸ ಎಂದಷ್ಟೇ ಹಿರಿಯರು ಹೇಳಿದರು. ಯಾವ ಗ್ರಂಥಾಲಯವೂ ಜೋಪಾನ ಮಾಡದ ಇಂತಹ ಕಾಗದಗಳೇ ಖಡಕಿಯ ಇನ್ನೊಂದು ಚರಿತ್ರೆ. ಅವನ್ನು ಬರೆಯುವವರು ನಿವೃತ್ತರಾಗುತ್ತಿದ್ದಾರೆ. ಕೆಟ್ಟದ್ದನ್ನು ಎಸೆದು ಹೊಸದನ್ನು ಕೊಳ್ಳುವ ನಾವು ಅವರಿಂದ ಕಲಿತದ್ದು ಕಡಿಮೆ.

ದೋಣಿಯ ಹುಡುಗಿ ಮೂರು ವಾರ ಒಂದು ತಂತಿಯನ್ನೂ ಕತ್ತರಿಸದೆ, ಮಲ್ಟಿಮೀಟರ್ ಹಿಡಿದು ಒಂದೊಂದರ ಎರಡೂ ತುದಿಗೆ ಅಂಕಿಯ ಚೀಟಿ ಕಟ್ಟಿ ನಕ್ಷೆ ಬರೆದಳು. ಒಂದು ಪ್ರತಿಯನ್ನು ಫಲಕದ ಬಾಗಿಲಿನ ಒಳಗೆ, ಮುಂದೆ ಆ ದೋಣಿ ಯಾರ ಕೈ ಸೇರುವುದೋ ಅವರಿಗಾಗಿ ಅಂಟಿಸಿದಳು. ಇನ್ನೊಂದನ್ನು ಹಿರಿಯರಿಗೆ ಕಳುಹಿಸಿದಳು. ಅವರು ಕನ್ನಡಕ ಹಾಕಿಕೊಂಡು ಸಂಜೆಯೆಲ್ಲ ಓದಿ, ಎರಡು ಕಡೆ ಫ್ಯೂಸಿನ ಅಳತೆ ಬರೆದಿಲ್ಲವೆಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದಿರುಗಿಸಿದರು.