ಸುಮ್ಮನಿದ್ದವರ ಅರ್ಥ

ಮೌನ ಹುಟ್ಟಿದ್ದು 'ಮುನಿ'ಯಿಂದ. ಕನ್ನಡದಲ್ಲಿ ಅದು ಕಾಡಿನಿಂದ ಊರಿಗೆ ಬಂದಿದೆ. ಬಾಯಿ ಬಿಡದ ಹುಡುಗಿ ಮೌನಗೌರಿ, ಸಂತಾಪ ಸಭೆಯಲ್ಲಿ ಎದ್ದು ನಿಂತರೆ ಮೌನಾಚರಣೆ, ಮಂತ್ರಿ ಕೊನೆಗೂ ಹೇಳಿಕೆ ಕೊಟ್ಟರೆ ಪತ್ರಿಕೆಯ ತಲೆಬರಹದಲ್ಲಿ 'ಮೌನ ಮುರಿದರು'. ಇಷ್ಟರಲ್ಲಿ ನನಗೆ ಚುಚ್ಚುವುದು 'ಮೌನಂ ಸಮ್ಮತಿ ಲಕ್ಷಣಂ' ಎಂಬ ಮಾತು. ಸುಮ್ಮನಿದ್ದವರ ಪರವಾಗಿ ಬೇರೆಯವರೇ ತೀರ್ಮಾನ ಮಾಡಿಬಿಡಲು ಅದು ಅನುಮತಿ ಕೊಡುತ್ತದೆ. ಅವರು ಕೆಲವೇ ಜನವಾದರಂತೂ ಊರೆಲ್ಲ ಸೇರಿ ಅವರ ಮೌನಕ್ಕೆ ಅರ್ಥ ಹಚ್ಚುತ್ತದೆ.

1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ಆದದ್ದು ಇದೇ. 'ಯೆಹೋವನ ಸಾಕ್ಷಿಗಳು' ಎಂಬ ಪುಟ್ಟ ಕ್ರೈಸ್ತ ಪಂಗಡದ ಮೂವರು ಮಕ್ಕಳು, ಒಂದೇ ಮನೆಯವರು, ಓದುತ್ತಿದ್ದದ್ದು ಹತ್ತು, ಒಂಬತ್ತು, ಐದನೇ ತರಗತಿಯಲ್ಲಿ. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು. ಹಾಡಲು ಮಾತ್ರ ಅವರ ನಂಬಿಕೆ ಒಪ್ಪುತ್ತಿರಲಿಲ್ಲ. ಅದೇ ಶಾಲೆಯಲ್ಲಿ ಅವರ ಅಕ್ಕಂದಿರೂ ಹಾಗೇ ನಿಂತಿದ್ದರು, ಯಾರಿಗೂ ತಪ್ಪೆನಿಸಿರಲಿಲ್ಲ. ಆ ಜುಲೈನಲ್ಲಿ ಶಾಲೆಗೆ ಬಂದ ಶಾಸಕರೊಬ್ಬರಿಗೆ ಅದರಲ್ಲಿ ದೇಶಭಕ್ತಿಯ ಕೊರತೆ ಕಂಡಿತು, ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು. ಮಕ್ಕಳು ಅಗೌರವ ತೋರಿಲ್ಲ ಎಂದು ವಿಚಾರಣಾ ಆಯೋಗವೇ ಹೇಳಿತು. ಆದರೂ ಹೊರಹಾಕಿದರು. ಹೈಕೋರ್ಟ್ ಗೀತೆಯ ಪದಗಳನ್ನು ನೋಡಿ, ಇದರಲ್ಲಿ ಯಾರ ಧರ್ಮಕ್ಕೂ ನೋವಾಗುವಂಥದ್ದಿಲ್ಲ ಎಂದು ಅರ್ಜಿ ತಳ್ಳಿಹಾಕಿತು.

1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ. ಒಂದು ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೋ ಇಲ್ಲವೋ ಎಂದು ಕೇಳಬಾರದು, ನಂಬಿದವರು ಪ್ರಾಮಾಣಿಕವಾಗಿ ನಂಬಿದ್ದಾರೋ ಎಂದಷ್ಟೇ ನೋಡಬೇಕು ಎಂದರು. ಹಾಡಲೇಬೇಕೆಂಬ ಕಾನೂನು ಇಲ್ಲ, ಎದ್ದು ನಿಂತರೆ ಗೌರವ ಸಂದಿತು. ಹೊರಹಾಕಿದ್ದರಿಂದ 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೂ 25ನೇ ವಿಧಿಯ ಧಾರ್ಮಿಕ ಸ್ವಾತಂತ್ರ್ಯಕ್ಕೂ ಒಟ್ಟಿಗೇ ಭಂಗ ಬಂದಿದೆ. ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಆದೇಶವಾಯಿತು. ಬಾಯಿ ತೆರೆದವರ ಹಕ್ಕಿನ ಲೆಕ್ಕದಲ್ಲೇ ಬಾಯಿ ಮುಚ್ಚಿದವರ ಹಕ್ಕನ್ನೂ ಸೇರಿಸಿದ ಈ ತೀರ್ಪನ್ನು ನಮ್ಮ ಶಾಲೆಗಳಲ್ಲಿ ಪಾಠವಾಗಿ ಇಡಬೇಕಿತ್ತು.

ತರಗತಿಯಲ್ಲಿ ಹಿಜಾಬ್ ಧರಿಸಬಹುದೇ ಎಂದು ಉಡುಪಿಯಲ್ಲಿ ಶುರುವಾದ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿದಾಗ, 2022ರ ಅಕ್ಟೋಬರ್ 13ರಂದು ನ್ಯಾ. ಸುಧಾಂಶು ಧುಲಿಯಾ ಈ ತೀರ್ಪನ್ನೇ ಆಧಾರವಾಗಿಟ್ಟು ವಿದ್ಯಾರ್ಥಿನಿಯರ ಪರ ಬರೆದರು. ಜೊತೆಗಿದ್ದ ನ್ಯಾ. ಹೇಮಂತ್ ಗುಪ್ತಾ ಒಪ್ಪಲಿಲ್ಲ. ಹೊಸ ಪೀಠ ರಚನೆಗೆಂದು ಪ್ರಕರಣ ಮುಖ್ಯ ನ್ಯಾಯಮೂರ್ತಿಯ ಮುಂದೆ ಹೋಯಿತು.