ಗುಜರಿಯಿಂದ ಮೇಲೆದ್ದ ವಿಮಾನಗಳು

ಹತ್ತನೇ ತರಗತಿಯಲ್ಲಿ ನಮಗೆ ಎರಡನೇ ಮಹಾಯುದ್ಧದ ಪಾಠ ಮೂರೇ ದಿನದಲ್ಲಿ ಮುಗಿದಿತ್ತು. ಕಾರಣಗಳನ್ನು, ಪರಿಣಾಮಗಳನ್ನು ಮನೆಯಲ್ಲಿ ಗಟ್ಟಿಯಾಗಿ ಉರು ಹೊಡೆಯುತ್ತಿದ್ದರೆ ಜಗುಲಿಯ ಮೇಲಿದ್ದ ತಾತ, "ಆ ಯುದ್ಧದ ಇಮಾನಗಳ್ನ ಎದ್ದೇಳಿಸಿದ್ದು ನಾವೇ ಕಣಪ್ಪ" ಎನ್ನುತ್ತಿದ್ದರು. ಸೋಲೂರಿನ ಪಕ್ಕದ ಹಳ್ಳಿಯಲ್ಲಿ ರಾಗಿ ಬೆಳೆಯುವ ತಾತನಿಗೂ ಯುದ್ಧವಿಮಾನಕ್ಕೂ ಏನು ಸಂಬಂಧ? ನಾವು ನಗುತ್ತಿದ್ದೆವು. ನಾನು ಬಿ.ಇ. ಎರಡನೇ ವರ್ಷದಲ್ಲಿದ್ದಾಗ ತಾತ ತೀರಿಕೊಂಡರು. ಅವರ ಮಾತನ್ನು ಹುಡುಕಿ ಓದಿದ್ದು ಅದಾದ ಮೇಲೆ.

1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ನಮ್ಮೂರ ಹಿರಿಯರ ಬಾಯಲ್ಲಿ ಅದು ಬರೀ 'ವಿಮಾನ ಕಾರ್ಖಾನೆ'. 1943ರಲ್ಲಿ ಅದು ಅಮೆರಿಕದ ಸೇನೆಯ ದುರಸ್ತಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಇವತ್ತು ಅದೇ ಕೆರೆಯ ಪಕ್ಕದ ರಸ್ತೆಯಲ್ಲಿ ಆಫೀಸಿಗೆ ಹೋಗುವ ನನಗೆ ಇದನ್ನು ನಂಬಲು ಸ್ವಲ್ಪ ಸಮಯ ಬೇಕಾಯಿತು.

ತಾತ ಹೇಳುತ್ತಿದ್ದದ್ದು ಯುದ್ಧ ಮುಗಿದ ಮೇಲಿನ ಕಥೆ. ಅಮೆರಿಕ 18 ಸಾವಿರಕ್ಕೂ ಹೆಚ್ಚು ಲಿಬರೇಟರ್ ಬಾಂಬರ್‌ಗಳನ್ನು ತಯಾರಿಸಿತ್ತು. ನಾಲ್ಕು ಎಂಜಿನ್, 110 ಅಡಿ ಅಗಲದ ರೆಕ್ಕೆ. ಬ್ರಿಟಿಷರಿಗೆ ಎರವಲು ಕೊಟ್ಟ ವಿಮಾನಗಳನ್ನು ಯುದ್ಧವಾದ ಮೇಲೆ ಹಿಂದಿರುಗಿಸಬೇಕು, ಇಲ್ಲವೇ ನಾಶ ಮಾಡಬೇಕು ಎಂಬುದು ಕರಾರು. ಹಾಗಾಗಿ ಕಾನ್ಪುರದಲ್ಲಿ ನಿಂತಿದ್ದ ಲಿಬರೇಟರ್‌ಗಳನ್ನು ಮತ್ತೆ ಹಾರದಂತೆ ಕೆಡಿಸಿ ಹೋದರು. ಮೈಗೆ ತೂತು ಹೊಡೆದರು, ಉಪಕರಣಗಳನ್ನು ಜಜ್ಜಿದರು, ಎಂಜಿನ್ನಿಗೆ ಮರಳು ಸುರಿದರು.

ಸ್ವತಂತ್ರ ಭಾರತಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ಹಣವಿರಲಿಲ್ಲ. 1948ರಲ್ಲಿ ಬೆಂಗಳೂರಿನ ಕಾರ್ಖಾನೆಯವರು ಆ ಗುಜರಿಯ ನಡುವೆ ನಿಂತು, ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಹೇಗೋ ಹಾರುವಷ್ಟು ಮಾತ್ರ ಸರಿಮಾಡಿದರು. ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದವರು ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಷಿ. ಬೇರೆಯವರು ಅರ್ಧಕ್ಕೆ ಬಿಟ್ಟುಹೋದ ಹಳೆಯ ಪ್ರೋಗ್ರಾಂ ಮುಟ್ಟುವುದಕ್ಕೇ ನಮಗೆ ಕೈ ನಡುಗುತ್ತದೆ. ಅಲ್ಲಿ ತಪ್ಪಾದರೆ ಮತ್ತೆ ಚಾಲೂ ಮಾಡಬಹುದು. ಮುನ್ಷಿಯವರಿಗೆ ಆ ಅನುಕೂಲ ಇರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಪೂರ್ತಿ ಬಿಚ್ಚಿ ಕಟ್ಟುವ ಕೆಲಸ. ಆಗ ಇಪ್ಪತ್ತರ ಹುಡುಗನಾಗಿದ್ದ ತಾತ ಅಲ್ಲಿ ಹೆಲ್ಪರ್. ತಗಡಿಗೆ ರಿವೆಟ್ ಹೊಡೆಯಲು ಇಬ್ಬರು ಬೇಕು. ಹೊರಗಿನವನು ರಿವೆಟ್ ಹೊಡೆಯುತ್ತಾನೆ, ಒಳಗಿನವನು ಕಬ್ಬಿಣದ ಗಟ್ಟಿ ಒತ್ತಿ ಹಿಡಿಯುತ್ತಾನೆ. ಆ ಪೆಟ್ಟಿಗೆ ಒಳತುದಿ ಚಪ್ಪಟೆಯಾಗಿ ಕಚ್ಚಿಕೊಳ್ಳುತ್ತದೆ. ಕೈ ಜಾರಿದರೆ ಆ ರಿವೆಟ್ ಕೆಟ್ಟಂತೆ, ಕೊರೆದು ತೆಗೆದು ಹೊಸದು ಹಾಕಬೇಕು. ತಾತ ಸಣಕಲು, ಆದ್ದರಿಂದ ಯಾವಾಗಲೂ ಒಳಗಿನ ಪಾಳಿ.

1948ರ ನವೆಂಬರ್ 2ರಂದು ವಾಯುಪಡೆಯ 5ನೇ ಸ್ಕ್ವಾಡ್ರನ್ ಈ ವಿಮಾನಗಳೊಂದಿಗೆ ಕಾನ್ಪುರದಲ್ಲೇ ಆರಂಭವಾಯಿತು. ಒಟ್ಟು ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳು ಹೀಗೆ ಮರುಜನ್ಮ ಪಡೆದವು. ಕೊನೆಗೆ ಸಮುದ್ರದ ಕಾವಲಿಗಿದ್ದವು 1968ರಲ್ಲಿ ನಿವೃತ್ತವಾದವು. ಅಷ್ಟರಲ್ಲಿ ಬೇರೆ ದೇಶಗಳು ತಮ್ಮವನ್ನು ಕರಗಿಸಿ ಆಗಿತ್ತು. ಆದ್ದರಿಂದ ಪ್ರಪಂಚದ ವಸ್ತುಸಂಗ್ರಹಾಲಯಗಳು ಲಿಬರೇಟರ್ ಬೇಕೆಂದು ಭಾರತದ ಕಡೆಗೇ ನೋಡಿದವು. ಲಂಡನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂಗಾಗಿ ಒಂದು 1974ರಲ್ಲಿ ಇಲ್ಲಿಂದ ಹೋಯಿತು. ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಕೊಂಡುಕೊಂಡದ್ದು 1989ರಲ್ಲಿ ಮತ್ತೆ ಆಕಾಶಕ್ಕೇರಿತು. ಅದೂ ಭಾರತದಲ್ಲಿ ಒಮ್ಮೆ ಬದುಕಿ ಬಂದದ್ದೇ.

ಈ ಚರಿತ್ರೆಯ ಪುಸ್ತಕಗಳಲ್ಲಿ ಪೈಲಟ್‌ಗಳ ಹೆಸರು, ವಿಮಾನಗಳ ನಂಬರು ಸಿಗುತ್ತವೆ. ಹೆಲ್ಪರ್‌ಗಳ ಹಾಜರಿ ಪುಸ್ತಕ ಎಲ್ಲೂ ಕಾಣಲಿಲ್ಲ. ಹೋದ ಯುಗಾದಿಗೆ ಊರಿಗೆ ಬಂದಾಗ ಲಂಡನ್ನಿನ ವಿಮಾನದ ಫೋಟೋವನ್ನು ಅಮ್ಮನಿಗೆ ಮೊಬೈಲಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ರೆಕ್ಕೆಯ ಉದ್ದಕ್ಕೂ ಸಾಲು ಸಾಲು ರಿವೆಟ್. ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಇದ್ರಲ್ಲಿ ತಾತ ಹಿಡಿದಿದ್ದು ಯಾವ್ದೋ?" ಎಂದು ಕೇಳಿದರು.