ಕಿಲ್ಲಿ ಅಲುಗಿದರೆ ದಿಲ್ಲಿ ಅಲುಗೀತು!



ಮುಟ್ಟಿದರೆ ಇಡೀ ರಾಜ್ಯವೇ ಮುಳುಗುವಂಥ ಒಂದು ಮಾಯಾವಸ್ತು, ಅದನ್ನು ಹಗಲೂ ರಾತ್ರಿ ಕಾಯುವ ಒಂದು ಪಡೆ. ಇಂಥ ಕಥೆಯನ್ನು ನೀವು ಚಂದಮಾಮದಲ್ಲಿ ಓದಿದ್ದೀರಿ, ನಿಮ್ಮ ಮಕ್ಕಳು ಇಂಗ್ಲಿಷ್ ಸಿನಿಮಾಗಳಲ್ಲಿ ನೋಡುತ್ತಿದ್ದಾರೆ. ಉಂಗುರ, ಕತ್ತಿ, ಹರಳು, ಹೀಗೆ ಏನಾದರೊಂದು. ಆದರೆ ಅಂಥದೇ ಒಂದು ವಸ್ತು ನಮ್ಮ ಓಖ್ಲಾದಿಂದ ಮೆಟ್ರೋ ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿದೆ ಎಂದರೆ ನಂಬುತ್ತೀರಾ? ನೀವು ಅದರ ಮುಂದೆ ನಿಂತು ಫೋಟೋ ಕೂಡ ತೆಗೆಸಿಕೊಂಡಿರಬಹುದು. ಮೆಹ್ರೌಲಿಯ ಕಬ್ಬಿಣದ ಕಂಬ, ಕುತುಬ್ ಮಿನಾರಿನ ಪಕ್ಕದಲ್ಲಿರುವುದು.

ಅದನ್ನು ನಾವೆಲ್ಲ "ತುಕ್ಕು ಹಿಡಿಯದ ಕಂಬ" ಎಂದೇ ಶಾಲೆಯಲ್ಲಿ ಓದಿದವರು. ದಿಲ್ಲಿಯ ಹಳಬರಿಗೆ ಅದು ಬೇರೆಯೇ. ಅವರಿಗೆ ಅದು "ಕಿಲ್ಲಿ", ಅಂದರೆ ಮೊಳೆ. ನಮ್ಮ ಕನ್ನಡದ ಕೀಲು, ಕೀಲಿ, ಕೀಲಿಕೈಗಳ ಹತ್ತಿರದ ನೆಂಟ. ಎಲ್ಲವೂ ಸಂಸ್ಕೃತದ "ಕೀಲ"ದ ಮಕ್ಕಳು.

ಈಗ ಕಥೆ ಕೇಳಿ. ತೋಮರ ವಂಶದ ಅನಂಗಪಾಲ ದಿಲ್ಲಿ ಕಟ್ಟಿಸುವಾಗ ಒಬ್ಬ ಜೋಯಿಸರು ಶುಭಮುಹೂರ್ತ ನೋಡಿ ಈ ಮೊಳೆಯನ್ನು ನೆಲಕ್ಕೆ ಹೊಡೆಸಿದರಂತೆ. "ಮಹಾರಾಜ, ಇದು ಭೂಮಿಯನ್ನು ಹೊತ್ತ ಸರ್ಪರಾಜನ ತಲೆಯ ಮೇಲೆ ಕೂತಿದೆ. ಇದು ಅಲುಗದಿರುವವರೆಗೆ ನಿಮ್ಮ ರಾಜ್ಯವೂ ಅಲುಗದು" ಎಂದರಂತೆ. ರಾಜನಿಗೆ ಅನುಮಾನ. ಒಂದು ಕಬ್ಬಿಣದ ಕಂಬ ಪಾತಾಳದ ತನಕ ಹೋದೀತೇ? ಕೀಳಿಸಿ ನೋಡಿದ. ತುದಿಯಲ್ಲಿ ಹಸಿ ರಕ್ತ! ಹೌಹಾರಿ ಮತ್ತೆ ನೆಡಿಸಿದ. ಆದರೆ ಒಮ್ಮೆ ಕಿತ್ತ ಮೊಳೆ ಮೊದಲಿನ ಹಾಗೆ ಗಟ್ಟಿ ಕೂರುವುದುಂಟೇ? "ಢೀಲಿ" ಆಯಿತು, ಸಡಿಲವಾಯಿತು. ಅದರಿಂದಲೇ ಊರಿಗೆ ಢಿಲ್ಲಿ ಎಂಬ ಹೆಸರು ಬಂತು ಎನ್ನುತ್ತಾರೆ. ತೋಮರರು ಹೋಗಿ ಚೌಹಾಣರು ಬರುತ್ತಾರೆ, ಆಮೇಲೆ ತುರುಕರು ಬರುತ್ತಾರೆ ಎಂದು ಜೋಯಿಸರು ಅಲ್ಲೇ ಭವಿಷ್ಯ ನುಡಿದರಂತೆ.

ಚಂದ್ ಬರ್ದಾಯಿಯ ಹೆಸರಿನಲ್ಲಿರುವ "ಪೃಥ್ವೀರಾಜ ರಾಸೋ" ಕಾವ್ಯದಲ್ಲಿ ಈ ಪ್ರಸಂಗ ಬರುತ್ತದೆ. ಆ ಕಾವ್ಯದ ಇಂದಿನ ರೂಪ ಪೃಥ್ವೀರಾಜನ ಕಾಲಕ್ಕಿಂತ ಬಹಳ ಈಚಿನದು ಎಂಬುದು ವಿದ್ವಾಂಸರ ಮಾತು. ಅಂದ ಮೇಲೆ ಜೋಯಿಸರ ಭವಿಷ್ಯ ಅಷ್ಟು ಕರಾರುವಾಕ್ಕಾಗಿ ನಿಜವಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಡೆದು ಮುಗಿದದ್ದನ್ನೇ ಅವರು ನುಡಿದಿದ್ದಾರೆ. ರಾಜ್ಯ ಕಳೆದುಕೊಂಡವರಿಗೆ ಒಂದು ಕಾರಣ ಬೇಕಿತ್ತು. ಸೈನ್ಯ ಸೋತಿತು ಎನ್ನುವುದಕ್ಕಿಂತ ಮೊಳೆ ಸಡಿಲವಾಯಿತು ಎನ್ನುವುದು ಮನಸ್ಸಿಗೆ ಹಗುರ.

ಆದರೆ ಕಥೆಯನ್ನು ಬರೀ ಸುಳ್ಳೆಂದು ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಯಾಕೆ ಗೊತ್ತೇ? ಊರಿನಲ್ಲಿ ಮಂತ್ರಿಗಳು ಬಂದು "ಶಂಕುಸ್ಥಾಪನೆ" ಮಾಡುತ್ತಾರಲ್ಲ, ಶಂಕು ಎಂದರೇನು? ಗೂಟ, ಮೊಳೆ! ಕಟ್ಟಡ ಏಳುವ ಮುನ್ನ ನೆಲದಡಿಯ ಸರ್ಪ ಹೊರಳದಿರಲೆಂದು ಗೂಟ ಹೊಡೆಯುವ ಹಳೆಯ ನಂಬಿಕೆಯೊಂದಿದೆ. ಅನಂಗಪಾಲನ ಜೋಯಿಸರು ಮಾಡಿಸಿದ್ದೂ ಅದನ್ನೇ. ನಾವು ಇಂದಿಗೂ ಬಸ್ ನಿಲ್ದಾಣಕ್ಕೆ, ನೀರಿನ ಟ್ಯಾಂಕಿಗೆ ಅದೇ ಪದ ಬಳಸುತ್ತೇವೆ, ಸರ್ಪದ ನೆನಪು ಮಾತ್ರ ಹಾರಿಹೋಗಿದೆ.

ಇನ್ನು ಕಂಬದ ಚರಿತ್ರೆಗೆ ಬರೋಣ. ತೋಮರರು ಕಲ್ಪನೆಯ ರಾಜರಲ್ಲ. ಓಖ್ಲಾದಿಂದ ದಕ್ಷಿಣಕ್ಕೆ ಹೊರಟರೆ ಸೂರಜ್‌ಕುಂಡ್, ಅನಂಗಪುರದ ಕಲ್ಲಿನ ಅಣೆಕಟ್ಟು ಸಿಗುತ್ತವೆ. ಅವು ಆ ವಂಶದವರು ಕಟ್ಟಿಸಿದ್ದೆಂದೇ ಪ್ರಸಿದ್ಧ. ಕಂಬದ ಮೇಲೂ ಸಂವತ್ 1109, ಅಂದರೆ ಕ್ರಿ.ಶ. 1052ರ, ಅನಂಗಪಾಲನ ಹೆಸರಿನ ಒಂದು ಪುಟ್ಟ ಬರಹವಿದೆ. ಆದರೆ ಮೊಳೆ ಅವನು ಮಾಡಿಸಿದ್ದಲ್ಲ! ಅವನ ಕಾಲಕ್ಕೇ ಅದಕ್ಕೆ ಆರುನೂರು ವರ್ಷ ದಾಟಿತ್ತು. ಅದರ ಮೇಲಿನ ಮುಖ್ಯ ಶಾಸನ ಗುಪ್ತರ ಕಾಲದ ಬ್ರಾಹ್ಮಿಯಲ್ಲಿದೆ, ಸಂಸ್ಕೃತದಲ್ಲಿ ಆರು ಸಾಲು. ಚಂದ್ರನೆಂಬ ರಾಜ ವಿಷ್ಣುಪದವೆಂಬ ಬೆಟ್ಟದ ಮೇಲೆ ವಿಷ್ಣುವಿನ ಧ್ವಜವಾಗಿ ಇದನ್ನು ನಿಲ್ಲಿಸಿದ ಎಂದು ಅದು ಹೇಳುತ್ತದೆ. ಈ ಚಂದ್ರ ಎರಡನೆಯ ಚಂದ್ರಗುಪ್ತ ಎಂದು ಬಹುತೇಕ ಇತಿಹಾಸಕಾರರ ಮತ. ದಿಲ್ಲಿಗೆ ತಂದವನು ಅನಂಗಪಾಲ ಎನ್ನುವವರಿದ್ದಾರೆ, ಇಲ್ತುತ್ಮಿಶ್ ಎನ್ನುವವರೂ ಇದ್ದಾರೆ. ಏನೇ ಇರಲಿ, ದಿಲ್ಲಿ ಗೆದ್ದವರು ಕಂಬವನ್ನು ಕರಗಿಸಲಿಲ್ಲ, ತಮ್ಮ ಮಸೀದಿಯ ಅಂಗಳದ ನಟ್ಟನಡುವೆ ಇಟ್ಟುಕೊಂಡರು. ಆರು ಟನ್ನಿಗೂ ಮೀರಿದ ಒಳ್ಳೆಯ ಕಬ್ಬಿಣ, ಕತ್ತಿ ಗುರಾಣಿಗಳಿಗೆ ಬೇಕಾದಷ್ಟಾಗುತ್ತಿತ್ತು! ಒಬ್ಬರು ಮಾತ್ರ ಅದರ ಮೇಲೆ ಫಿರಂಗಿ ಹಾರಿಸಿದ್ದಾರೆ. 1739ರಲ್ಲಿ ನಾದಿರ್ ಶಾ ಎನ್ನುತ್ತಾರೆ. ಗುಂಡಿನ ತಗ್ಗು ಈಗಲೂ ಕಾಣುತ್ತದೆ, ಕಂಬ ಬೀಳಲಿಲ್ಲ.

ಸರಿ, ಪಾತಾಳದ ವಿಷಯ? ಪುರಾತತ್ವ ಇಲಾಖೆಯ ಮೊದಲ ಮುಖ್ಯಸ್ಥ ಕನ್ನಿಂಗ್‌ಹ್ಯಾಮ್ ಸಾಹೇಬರೂ ಮೊದಲಿಗೆ ಇದು ಬಹಳ ಆಳಕ್ಕೆ ಹೋಗಿದೆ ಎಂದೇ ಭಾವಿಸಿದ್ದರು. 1871ರಲ್ಲಿ ಅವರ ಸಹಾಯಕ ಬೆಗ್ಲರ್ ಬುಡದ ತನಕ ಅಗೆಸಿ ನೋಡಿದರು. ಒಟ್ಟು ಉದ್ದ 7.2 ಮೀಟರ್, ಅದರಲ್ಲಿ ನೆಲದಡಿ ಇದ್ದದ್ದು ಸುಮಾರು 1 ಮೀಟರ್ ಅಷ್ಟೇ! ಬುಡ ಈರುಳ್ಳಿಗಡ್ಡೆಯ ಹಾಗೆ ಉಬ್ಬಿತ್ತು, ಕೆಳಗೆ ಕಬ್ಬಿಣದ ಸರಳುಗಳ ಜಾಲರಿ, ಸೀಸದ ಬೆಸುಗೆ. ಸರ್ಪವಿರಲಿ, ಎರೆಹುಳದ ರಕ್ತವೂ ಹತ್ತಿರಲಿಲ್ಲ. ಅನಂಗಪಾಲ ಕಿತ್ತು ನೋಡಿ ದಿಲ್ಲಿ ಕಳೆದುಕೊಂಡ ಎನ್ನುತ್ತದೆ ಕಥೆ. ಬೆಗ್ಲರ್ ಅಗೆಸಿ ನೋಡಿದ ನಲವತ್ತೇ ವರ್ಷಕ್ಕೆ, 1911ರಲ್ಲಿ, ಬ್ರಿಟಿಷರು ಕಲ್ಕತ್ತೆಯಿಂದ ರಾಜಧಾನಿಯನ್ನೇ ದಿಲ್ಲಿಗೆ ತರುವುದಾಗಿ ಸಾರಿದರು!

ತಮಾಷೆ ಬದಿಗಿರಲಿ. ತುಕ್ಕು ಹಿಡಿಯದ ಕಂಬಕ್ಕೆ ತುಕ್ಕು ಹಿಡಿದಿದ್ದದ್ದು ಆ ನೆಲದಡಿಯ ಭಾಗದಲ್ಲೇ. 1961ರಲ್ಲಿ ಪುರಾತತ್ವ ಇಲಾಖೆಯವರು ಅದನ್ನು ಬಿಡಿಸಿ, ಶುದ್ಧಮಾಡಿ, ಸೀಸದ ಹೊದಿಕೆ ಹಾಕಿದರು. ಮೇಲಿನ ಭಾಗ ಉಳಿದದ್ದೇಕೆ? ಓಖ್ಲಾ ಕಾರ್ಖಾನೆಗಳಲ್ಲಿ ದುಡಿಯುವ ಕೇಳುಗರಿಗೆ ಈ ಪ್ರಶ್ನೆಯ ತೂಕ ಗೊತ್ತು. ಬಣ್ಣ ಹೊಡೆಯದೆ ಬಿಟ್ಟ ಗೇಟು ಯಮುನೆಯ ತೇವಕ್ಕೆ ಎರಡು ಮಳೆಗಾಲ ತಡೆಯುವುದಿಲ್ಲ. ಕಾನ್ಪುರ ಐಐಟಿಯ ಪ್ರೊಫೆಸರ್ ಆರ್. ಬಾಲಸುಬ್ರಮಣ್ಯಂ ವರ್ಷಗಟ್ಟಲೆ ಇದನ್ನು ಅಭ್ಯಾಸ ಮಾಡಿದರು. ಹಳೆಯ ಕಮ್ಮಾರರು ಇದ್ದಿಲಿನ ಕುಲುಮೆಯಲ್ಲಿ ತೆಗೆದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು, ಇಂದಿನ ಉಕ್ಕಿನಲ್ಲಿ ಬಹಳ ಕಡಿಮೆ. ಮಳೆ ಬಿಸಿಲುಗಳಿಗೆ ಸಿಕ್ಕು ಆ ರಂಜಕದ ನೆರವಿನಿಂದ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಕಂಬವನ್ನು ಕಾಯುತ್ತಿರುವುದು ಆ ಪೊರೆ. ಹೆಡೆ ಇಲ್ಲದ ಸರ್ಪ ಎನ್ನಿ ಬೇಕಾದರೆ!

ಆ ಪೊರೆಗೆ ಫಿರಂಗಿಗಿಂತ ದೊಡ್ಡ ಕಾಟ ಕೊಟ್ಟದ್ದು ನಾವೇ, ಪ್ರವಾಸಿಗರು. ಕಂಬಕ್ಕೆ ಬೆನ್ನು ಕೊಟ್ಟು ನಿಂತು ಕೈಗಳನ್ನು ಹಿಂದಕ್ಕೆ ಚಾಚಿ ಬೆರಳು ಕೂಡಿಸಿದರೆ ಅದೃಷ್ಟ ಎಂಬ ನಂಬಿಕೆ ಹಬ್ಬಿತ್ತು. ದಿನವೂ ಎಷ್ಟೋ ಜನ ತಬ್ಬಿ ತಬ್ಬಿ, ಬೆವರು ಸವರಿ, ಆ ಎತ್ತರದಲ್ಲಿ ಕಂಬ ಉಜ್ಜಿದ ಹಾಗೆ ಹೊಳೆಯತೊಡಗಿತು. ಮುಟ್ಟಿದರೆ ಕೇಡು ಎಂಬ ಭಯ ಇದ್ದಷ್ಟು ದಿನ ಕಂಬಕ್ಕೆ ಕಾವಲಿತ್ತು. ಮುಟ್ಟಿದರೆ ಒಳ್ಳೆಯದು ಎಂದಾದ ಮೇಲೆ ಕಾವಲಿಗೆ ಸರಕಾರವೇ ಬರಬೇಕಾಯಿತು. 1997ರಲ್ಲಿ ಸುತ್ತ ಕಬ್ಬಿಣದ ಬೇಲಿ ಎದ್ದಿತು.

ಅಂದ ಹಾಗೆ ನಮ್ಮ ಕೊಡಚಾದ್ರಿಯಲ್ಲೂ, ಮೂಲ ಮೂಕಾಂಬಿಕೆಯ ಗುಡಿಯ ಬಳಿ, ಒಂದು ಹಳೆಯ ಕಬ್ಬಿಣದ ಕಂಬವಿದೆ. ಮೂಕಾಸುರನನ್ನು ಕೊಂದ ದೇವಿಯ ತ್ರಿಶೂಲ ಅದು ಎಂದು ಭಕ್ತರು ನಂಬುತ್ತಾರೆ. ಮಲೆನಾಡಿನ ಆ ಮಳೆಯಲ್ಲಿ ನೆನೆದೂ ಗಟ್ಟಿಯಾಗಿ ನಿಂತಿರುವುದನ್ನು ಕಂಡು ಲೋಹಶಾಸ್ತ್ರಜ್ಞರು ಅದನ್ನೂ ಪರೀಕ್ಷೆ ಮಾಡಿದ್ದಾರೆ. ಮೆಹ್ರೌಲಿಯ ಕೀರ್ತಿ ಅದಕ್ಕೆ ಬಂದಿಲ್ಲ. ಬಾರದಿದ್ದರೂ ಚಿಂತೆಯಿಲ್ಲ, ತಬ್ಬುವವರ ಕಾಟ ತಪ್ಪೀತು.

ಮುಂದಿನ ಭಾನುವಾರ ಬಿಡುವಿದ್ದರೆ ಓಖ್ಲಾ ಎನ್‌ಎಸ್‌ಐಸಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಹೌಜ್ ಖಾಸ್‌ನಲ್ಲಿ ಬದಲಿಸಿ ಕುತುಬ್ ಮಿನಾರ್ ನಿಲ್ದಾಣಕ್ಕೆ ಹೋಗಿ. ಬೇಲಿಯ ಸುತ್ತ ಒಂದು ಪೂರ್ತಿ ಪ್ರದಕ್ಷಿಣೆ ಬನ್ನಿ, ಫಿರಂಗಿಯ ತಗ್ಗು ಒಂದು ಮಗ್ಗುಲಲ್ಲಿ ಮಾತ್ರ ಕಾಣುತ್ತದೆ. ಮಕ್ಕಳನ್ನು ಕರೆದೊಯ್ಯಿರಿ, ಸರ್ಪದ ಕಥೆಯನ್ನು ಮೊದಲು ಹೇಳಿ, ರಂಜಕದ ಕಥೆಯನ್ನು ಆಮೇಲೆ.